ನೆಲದ ಮೇಲೆ ಕೂತು ಆಯ್ದ ಒಲೆ

ಕುವೈತಿಗೆ ಬಂದು ಇನ್ನೂ ಹದಿನೈದು ದಿನ ಆಗಿರಲಿಲ್ಲ, ಅವ್ವ ಸೂಟ್‌ಕೇಸ್ ತೆರೆದು ಸೀರೆ ಜೋಡಿಸತೊಡಗಿದಳು.

"ನನಗ ಟಿಕೆಟ್ ತಗಸ್ರಿ. ಬೆಂಕಿ ಇಲ್ಲದ ಮನ್ಯಾಗ ಬಾಣಂತನ ಮಾಡಿದ್ದು ನಾ ಎಲ್ಲೂ ಕೇಳಿಲ್ಲ."

ಕುವೈತಿನಲ್ಲೂ ಚಳಿಯೇ ಎಂದು ಊರಿನವರು ನಗುತ್ತಾರೆ. (ನಗಲಿ. ಜನವರಿಯ ಬೆಳಗ್ಗೆ ಇಲ್ಲಿಯ ಅಹ್ಮದಿ ಊರಿಗೆ ಬಂದು ನೆಲದ ಮೇಲೆ ಬರಿಗಾಲು ಇಟ್ಟು ನೋಡಲಿ!) ಬಿಸಿಲಿಗಾಗಿ ಕಟ್ಟಿದ ಮನೆಗಳಿವು. ತಂಪು ಮಾಡಲು ಎಲ್ಲ ಏರ್ಪಾಡಿದೆ, ಬೆಚ್ಚಗೆ ಮಾಡಲು ಏನೂ ಇಲ್ಲ.

ನನ್ನ ತಂಗಿ ವೀಣಾಗೆ ಆಗಷ್ಟೇ ಚೊಚ್ಚಲ ಗಂಡುಮಗು. ಗಂಡ ಬಸವರಾಜ ತೈಲ ಕಂಪನಿಯಲ್ಲಿ ಎಂಜಿನಿಯರ್, ವಾಸ ಅಹ್ಮದಿಯ ಹಳೆಯ ಕಂಪನಿ ಮನೆ. ಬಾಣಂತನಕ್ಕೆಂದು ಅವ್ವ ಧಾರವಾಡದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಕುವೈತಿನಲ್ಲೇ ಇರುವ ನಾನು ಸಲ್ವಾ ಬಡಾವಣೆಯ ನನ್ನ ಮನೆಯಿಂದ ದಿನಾ ಮಧ್ಯಾಹ್ನ ಸಾರಿನ ಡಬ್ಬಿ ಹಿಡಿದು ಹೋಗುತ್ತಿದ್ದೆ.

ನಮ್ಮ ಕಡೆ ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇರಲೇಬೇಕು. ತಾಯಿ, ಕೂಸಿಗೆ ಎರೆದ ಮೇಲೆ ಕೆಂಡದ ಶಾಖ, ಲೋಬಾನದ ಹೊಗೆ. ಅವ್ವ ಇದ್ದಿಲನ್ನೂ ಕೊಂಡು ತರಿಸಿದ್ದಳು. ಬಸವರಾಜ ಅದನ್ನು ಬಾಗಿಲಲ್ಲೇ ತಡೆದ.

"ಅತ್ತಿಯವರ, ಮುಚ್ಚಿದ ಖೋಲ್ಯಾಗ ಇದ್ದಿಲು ಬ್ಯಾಡ್ರಿ. ಅದರ ಗ್ಯಾಸ್ ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಬಡಿಯಂಗಿಲ್ಲ. ಕೂಸು ಮಲಗಿದಲ್ಲೇ..."

"ಹಂಗಾರ ನಿಮ್ಮ ಹೆಂಡ್ತಿ ಹೆಂಗ ಬೆಳದ್ಲು, ಅಳಿಯಂದ್ರ? ಫ್ರಿಜ್ಜಿನ್ಯಾಗ?"

ಬಸವರಾಜ ಎರಡು ಕರೆಂಟ್ ಹೀಟರ್ ತಂದ. ಗೀಸರ್ ಹಾಕಿದೊಡನೆ ಹಳೆಯ ವೈರಿಂಗ್ ಖಲಾಸ್. ಕತ್ತಲಾದ ಬಚ್ಚಲಲ್ಲಿ ಕೂಸು ಕಿರುಚಿಕೊಂಡಿತು. ಅವ್ವನ ಸೂಟ್‌ಕೇಸ್ ಕಪಾಟಿನ ಮೇಲಿಂದ ಇಳಿದದ್ದು ಆಗ.

ಇಬ್ಬರಿಗೂ ಆ ಕೂಸಿನದೇ ಚಿಂತೆ. ಯಾರಿಗೆ ಬೈಯುತ್ತೀರಿ?

ದಾರಿ ತೋರಿದ್ದು ಹಾಸಿಗೆಯಲ್ಲಿದ್ದ ವೀಣಾ. "ಹಾಲ್‌ನಾಗ ಫೈರ್‌ಪ್ಲೇಸ್ ಐತಲ್ಲ! ಅದರಾಗ ಕೊಳವಿ ಇರೋ ಕಟ್ಟಿಗಿ ಒಲಿ ಇಟ್ರ ಹೊಗಿ, ಗ್ಯಾಸ್ ಎಲ್ಲಾ ಮ್ಯಾಲಿಂದ ಹೊರಗ ಹೋಗ್ತೈತಲ್ಲ?" ಹಿಂದೆಂದೋ ಈ ಮನೆಯಲ್ಲಿದ್ದ ಕಂಪನಿಯ ಬಿಳಿಯ ಸಾಹೇಬರ ಕಾಲದ ಆ ಗೂಡಿನಲ್ಲಿ ಇವರು ಚಪ್ಪಲಿ ಇಡುತ್ತಿದ್ದರು.

ಅವ್ವ ಸೀರೆಗಳನ್ನು ಮತ್ತೆ ಕಪಾಟಿಗೆ ಇಟ್ಟಳು. "ಒಲಿ ಬಾಣಂತಿ ಕಡೆ ಬರದಿದ್ರ, ಬಾಣಂತಿ ಒಲಿ ಕಡೆ ಹೋಗಲಿ. ಆದ್ರ ಒಲಿ ನಾ ನೋಡಿ ತರಾಕಿ."

ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹಾಕುವವರಿಗೆ ಸಾಮಾನು ಮಾರುವ ಅಂಗಡಿಗೆ ಅವ್ವ, ಬಸವರಾಜ, ನಾನು ಹೋದೆವು. ಸಾಲಾಗಿ ಒಲೆಗಳು. ನನ್ನ ಕಣ್ಣು ಒಂದರ ಮೇಲೇ ನಿಂತಿತು. ಡೊಂಕು ಕಾಲು, ಹಿತ್ತಾಳೆ ಹಿಡಿಕೆ, ಗಾಜಿನ ಬಾಗಿಲು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕೊಡುತ್ತಿದ್ದ ಕ್ರಿಸ್‌ಮಸ್ ಕಾರ್ಡಿನಿಂದಲೇ ಎದ್ದು ಬಂದಂತಿತ್ತು. ಬಸವರಾಜ ಟೇಪು ಹಿಡಿದು ಹೊಗೆ ಕೊಳವೆಯ ಅಗಲ ಅಳೆದ, ತಗಡಿನ ದಪ್ಪ ವಿಚಾರಿಸಿದ.

ಅವ್ವ? ಸೆರಗು ಸೊಂಟಕ್ಕೆ ಸಿಗಿಸಿ ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು!

ಅಂಗಡಿಯ ಪೇಶಾವರದ ಭಾಯಿ ಓಡಿ ಬಂದ. "ಅಮ್ಮಾಜಿ, ಕುರ್ಸಿ ಲಾವೂಂ?"

"ನಹೀ ನಹೀ. ಕುರ್ಚಿ ಮ್ಯಾಲೆ ಕುಂತ್ರ ಒಲಿ ಗೊತ್ತಾಗಂಗಿಲ್ಲ ಭಾಯಿ."

ಅವನಿಗೆ ಏನು ತಿಳಿಯಿತೋ, ನಕ್ಕ. ಅವ್ವ ಕೂತಲ್ಲಿಂದಲೇ ಒಂದೊಂದು ಒಲೆಯ ಮುಂದೆ ಸರಿಯುತ್ತ, ನೆಲದಿಂದ ಮೂರು ಗೇಣು ಹಾಕಿ ಮೇಲಕ್ಕೆ ಅಳೆದಳು. ಅಷ್ಟೆತ್ತರಕ್ಕೆ ಕೈ ಚಾಚಿ ಅಲ್ಲಿ ಏನು ಸಿಗುತ್ತದೆ ಎಂದು ತಡಕಿದಳು. ನನ್ನ ಕ್ರಿಸ್‌ಮಸ್ ಒಲೆಯಲ್ಲಿ ಕೈಗೆ ಸಿಕ್ಕಿದ್ದು ಮಿರಿಮಿರಿ ಹಿತ್ತಾಳೆ ಹಿಡಿಕೆ.

"ಇದು ಬ್ಯಾಡ."

"ಯಾಕವ್ವಾ? ಎಷ್ಟು ಛಂದ ಐತಿ!"

"ಛಂದ ಐತಿ ಅಂತನ ಕೂಸು ಹಿಡೀತೈತಿ. ಮುಂದಿನ ಥಂಡಿಗೆ ಅದು ಹಿಡಕೊಂಡು ನಿಂದರತೈತಿ, ಇಷ್ಟ ಎತ್ತರ."

"ಮುಂದಿನ ಥಂಡಿಗೆ ನೀ ಇಲ್ಲಿ ಇರಂಗಿಲ್ಲಲ್ಲ?"

"ಅದಕ್ಕ ಈಗ ನೋಡಾಕ್ಹತ್ತೀನಿ."

ಬಸವರಾಜನ ಟೇಪು ಸರ್ರನೆ ಡಬ್ಬಿಯೊಳಕ್ಕೆ ಹೋಯಿತು. ಅವನೂ ಮೆಲ್ಲಗೆ ಪ್ಯಾಂಟ್ ಮೇಲೆಳೆದುಕೊಂಡು ಅವ್ವನ ಪಕ್ಕ ಕೂತ. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದು ಕರಿ, ಎತ್ತರದ, ಕುರೂಪಿ ಒಲೆಯನ್ನು. ಚಿಲಕ ಮೇಲ್ಗಡೆ, ಎತ್ತಿ ಎಳೆದರಷ್ಟೇ ತೆರೆಯುತ್ತದೆ. ಅದರ ಸುತ್ತಲೂ, ಅವ್ವನೇ ಒಲೆಯಿಂದ ಗೇಣು ಹಾಕಿ ತೋರಿಸಿದಷ್ಟು ದೂರಕ್ಕೆ, ಕಬ್ಬಿಣದ ಕಂಬಿಗಳ ಕಟಾಂಜನ.

ಬಾಣಂತಿಯ ಮಂಚ ಹಾಲ್‌ಗೆ ಬಂತು. ಬಂದವರ ಕಣ್ಣಿಗೆ ಬೀಳದಂತೆ ಅವ್ವನ ಇಲಕಲ್ ಸೀರೆಯ ಪರದೆ. ಬಸವರಾಜ ಕಿಟಕಿಯನ್ನು ಎರಡು ಬೆರಳು ತೆರೆದಿಡುತ್ತಿದ್ದ. "ಶಾಖ ಎಲ್ಲಾ ಹೊರಗ ಹೊಂಟೈತಿ, ಮರುಭೂಮಿ ಬೆಚ್ಚಗ ಮಾಡ್ತೀರೇನು?" ಎಂದು ಅವ್ವ ರೇಗುತ್ತಿದ್ದಳು. ಆದರೆ ಆ ಕಿಟಕಿ ಮುಚ್ಚಿದ್ದನ್ನು ನಾನು ನೋಡಲಿಲ್ಲ. ಅವನು ಆಫೀಸಿನಲ್ಲಿದ್ದಾಗಲೂ!

ಬೇಸಿಗೆಯ ಬಿಸಿಲು ಏರುವ ಮೊದಲೇ ಅವ್ವ ಊರಿಗೆ ಹೊರಟಳು.

ಮುಂದಿನ ಥಂಡಿಯೂ ಬಂತು. ಒಂದು ಸಂಜೆ ನಾನು ಹೋದಾಗ ಒಲೆ ಉರಿಯುತ್ತಿತ್ತು, ವೀಣಾ ಅಡುಗೆಮನೆಯಲ್ಲಿದ್ದಳು. ಕೂಸು ಕಟಾಂಜನ ಹಿಡಿದು ನಿಂತಿತ್ತು. ಒಂದು ಕೈ ಕಂಬಿಯೊಳಗೆ ತೂರಿಸಿ ಒಲೆಯ ಕಡೆ ಚಾಚಿತು, ಹೆಗಲಿನವರೆಗೂ ಚಾಚಿತು. ನಾನು ಓಡಿದೆ.

ಪುಟ್ಟ ಬೆರಳುಗಳು ಗಾಳಿಯಲ್ಲಿ ಆಡುತ್ತಿದ್ದವು. ಅಲ್ಲಿಂದ ಒಲೆಗೆ ಇನ್ನೂ ಒಂದು ಗೇಣು.

ಯಾರ ಗೇಣು ಎಂದು ಹೇಳಬೇಕೆ?

ಮನೆಗೆ ಸಾಮಾನು ಕೊಳ್ಳುವಾಗ ನಾವು ಬೆಲೆ ಕೇಳುತ್ತೇವೆ, ಬಣ್ಣ ನೋಡುತ್ತೇವೆ, ಗ್ಯಾರಂಟಿ ಕೇಳುತ್ತೇವೆ. ಅಂಗಡಿಯ ನೆಲದ ಮೇಲೆ ಒಮ್ಮೆಯಾದರೂ ಕೂತು ನೋಡಿದ್ದೇವೆಯೇ?