ಮಗಳನ್ನು ಆಟದಿಂದ ಎಬ್ಬಿಸಿದ ಸೋಮವಾರ

ಶ್ರಾವಣದ ಸೋಮವಾರ ನಮ್ಮ ಜಂಗಮ ಅಯ್ಯನವರನ್ನು ಮನೆಗೆ ಕರೆದು ಪಾದಪೂಜೆ ಮಾಡುವುದು ನಮ್ಮ ಅತ್ತೆಯವರ ಕಾಲದಿಂದ ಬಂದದ್ದು. ಅವರು ಬಂದಾಗ ಮನೆಯಲ್ಲಿದ್ದವರೆಲ್ಲ ಎದ್ದು ಬಂದು ಪಾದ ಮುಟ್ಟಬೇಕು. ಜ್ವರ ಬಂದು ಮಲಗಿದವರನ್ನೂ ಎಬ್ಬಿಸಿದ್ದುಂಟು. ಇದರಿಂದ ನನಗೆ ಒಳ್ಳೆಯದೇ ಆಗಿದೆ. ಒಂದು ಸೋಮವಾರದ ಮಾತು ಬೇರೆ.

ಡಿಗ್ರಿ ಓದುವ ನನ್ನ ಮಗಳು ಮೊಬೈಲಿನಲ್ಲಿ ನಾಲ್ವರು ಕೂಡಿ ಆಡುವ ಬಂದೂಕಿನ ಆಟ ಆಡುತ್ತಿದ್ದಳು. ನಾವು ಸೇಡಂನವರು, ಉಳಿದ ಮೂವರು ಹುಡುಗಿಯರು ವಾಡಿ, ಚಿತ್ತಾಪುರ, ಶಹಾಬಾದದವರು. ಅವರವರ ಮನೆಯಲ್ಲೇ ಕುಳಿತು, ಕಿವಿಗೆ ವೈರು ಸಿಕ್ಕಿಸಿಕೊಂಡು ಮಾತಾಡುತ್ತ ಆಡುವುದು. ಎಲ್ಲಿ ಅಡಗಬೇಕು, ಯಾವಾಗ ನುಗ್ಗಬೇಕು ಎಂದು ಹೇಳುವವಳು ನನ್ನ ಮಗಳು. ಸುತ್ತಮುತ್ತಲ ತಂಡಗಳನ್ನೆಲ್ಲ ಸೋಲಿಸಿ ಮುಗಿದಾಗ, ಶಹಾಬಾದದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನೊಬ್ಬ ಕಲಿಸುತ್ತೇನೆಂದು ಬಂದ. ಅವನೂ ದೊಡ್ಡ ಪಂದ್ಯಗಳನ್ನು ಆಡಿದವನು.

"ಸೋಲೋರ ಕೂಡ ಆಡಿದ್ರ ಕೈ ಕುದುರಂಗಿಲ್ರಿ ಅಕ್ಕಾರ," ಎಂದ ನನಗೆ. "ಹೊಡಿಯೋರ ಕೂಡ ಆಡಬೇಕು."

ದಿನಾ ಸಂಜೆ ಹೈದರಾಬಾದಿನ ತಂಡಗಳ ಎದುರು ಆಡಿಸಿದ. ಮೂರು ವಾರ ಬರೀ ಸೋಲು. ಸೋತ ಆಟವನ್ನೇ ಮತ್ತೆ ತೋರಿಸಿ, "ಇಲ್ಲಿ ಯಾಕ ಸತ್ತಿ? ನೋಡಿ ಹೇಳು, ಯಾಕ ಸತ್ತಿ?" ಎಂದು ಫೋನಿನಲ್ಲಿ ಒಬ್ಬೊಬ್ಬರನ್ನೇ ಕೇಳುವನು. ಆಗ ಮಗಳು ಕಿವಿಯ ವೈರು ತೆಗೆದು ಫೋನನ್ನು ಜೋರಾಗಿ ಇಟ್ಟಿರುತ್ತಿದ್ದಳು. ನಾನು ಪಕ್ಕದಲ್ಲೇ ದೇವರ ಮುಂದೆ ದೀಪ ಹಚ್ಚುತ್ತಿರುತ್ತಿದ್ದೆ.

"ದೀಪ ಹಚ್ಚೋ ಹೊತ್ತಿನ್ಯಾಗ ಸತ್ತಿ ಸತ್ತಿ ಅನಬ್ಯಾಡ್ರಿ," ಎಂದೆ ಒಮ್ಮೆ.

"ಮತ್ತೇನನ್ಬೇಕಬೇ? ಲಿಂಗೈಕ್ಯ ಆದಿ ಅನ್ಬೇಕೇನು?" ಎಂದಳು ಮಗಳು. ಫೋನಿನೊಳಗೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾಲ್ಕನೆಯ ವಾರ ಒಂದು ಆಟ ಗೆದ್ದರು, ಆಮೇಲೆ ಎರಡು. ಹೈದರಾಬಾದಿನಲ್ಲಿ ದೊಡ್ಡ ಪಂದ್ಯವಿತ್ತು. ಅದಕ್ಕೆ ಆಯ್ಕೆಯ ಆಟ ಶ್ರಾವಣದ ಒಂದು ಸೋಮವಾರ ಸಂಜೆ ನಾಲ್ಕು ಗಂಟೆಗೆ ಬಂತು.

"ನಾಕರಿಂದ ಐದರ ತನಕ ನನ್ನ ಕರೀಬ್ಯಾಡವ್ವಾ. ಮನಿಗಿ ಬೆಂಕಿ ಹತ್ತಿದ್ರೂ ಕರೀಬ್ಯಾಡ."

"ಬಿಡ್ತು ಅನ್ನು," ಎಂದು ಒಪ್ಪಿದೆ. ಅಯ್ಯನವರು ಬರುವುದು ಯಾವಾಗಲೂ ಬೆಳಿಗ್ಗೆ.

ಅಂದು ಪಕ್ಕದ ಊರು ಆಡಕಿಯ ಪೂಜೆಗಳಲ್ಲಿ ತಡವಾಗಿ, ಅವರು ಬಂದದ್ದು ನಾಲ್ಕೂವರೆಗೆ. ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಮಗಳನ್ನು ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಅಯ್ಯನವರು ಏನಂದುಕೊಂಡಾರು ಎಂದು ಒಳಗೆ ಹೋಗಿ ಅವಳ ಕಿವಿಯ ವೈರು ಕಿತ್ತೆ.

"ಎರಡ ನಿಮಿಷ ಬಾ ಯವ್ವಾ," ಎಂದೆ.

ಎದ್ದು ಬಂದಳು, ಪಾದ ಮುಟ್ಟಿದಳು, ಹೋದಳು. ಅಷ್ಟರಲ್ಲಿ ಹೇಳುವವರಿಲ್ಲದೆ ಉಳಿದ ಮೂವರು ಬಯಲಿಗೆ ಹೋಗಿ ಸಿಕ್ಕಿಬಿದ್ದಿದ್ದರು. ಆಟ ಮುಗಿದಿತ್ತು.

ಒಳಗಿನಿಂದ ಅಳು ಕೇಳಿ ಅಯ್ಯನವರು, "ಏನಾತು?" ಎಂದರು. ಹೇಳಿದೆ. ಅವರು ಕಾಲ ಮೇಲಿನ ಪತ್ರಿ ತೆಗೆದಿಟ್ಟರು.

"ಹೇಳಬಾರದೇನ್ ಯವ್ವಾ? ಇಲ್ಲೇ ಕುಂತಿರ್ತಿದ್ದೆ. ನನಗೇನ್ ಅವಸರಿತ್ತು? ಬಸ್ಸು ಆರಕ್ಕದ."

ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಬಹುದೆಂದು ನನಗೆ ಹೊಳೆಯಲೇ ಇಲ್ಲ. ಅವಸರವೆಲ್ಲ ನನ್ನದೇ; ಅದಕ್ಕೆ ದೇವರ ಹೆಸರು ಹಚ್ಚಿದ್ದೆ.

ಮುಂದಿನ ವಾರ ಆಯ್ಕೆಗೆ ಇನ್ನೊಂದು ಅವಕಾಶವಿತ್ತು. ಕಲಿಸುವವನು ಮಗಳನ್ನು ಬಿಟ್ಟು ಹೈದರಾಬಾದಿನ ಹುಡುಗಿಯೊಬ್ಬಳನ್ನು ತೆಗೆದುಕೊಂಡ. ಫೋನ್ ಮಾಡಿ ಬೇಡಿಕೊಂಡೆ.

"ನಿಮ್ಮ ಮಗಳು ಭಾಳ ಛಲೋ ಆಡ್ತಾಳ್ರಿ ಅಕ್ಕಾರ. ನಿಮ್ಮ ಮನಿ ನಂಬಲಿಕ್ಕೆ ಆಗಂಗಿಲ್ಲ."

"ತಪ್ಪು ನಂದಪ್ಪಾ, ಆಕೀದಲ್ಲ."

"ಅದನ್ನೇ ಹೇಳ್ಲಿಕತ್ತೀನ್ರಿ."

ಹೊಸಬಳನ್ನು ಇಟ್ಟುಕೊಂಡು ಅವರು ಆಯ್ಕೆಯಾದರು. ಈಗ ಅವರನ್ನು ಪಂದ್ಯಕ್ಕೆ ತಯಾರು ಮಾಡಲು ಗಟ್ಟಿ ಎದುರಾಳಿ ಬೇಕು. ಅವರ ಗುಟ್ಟು, ಅವರ ಅಂಜಿಕೆ ಎಲ್ಲ ಬಲ್ಲವಳು ನನ್ನ ಮಗಳು. ಅವನು ಕೇಳಿದ, ಇವಳು ಒಪ್ಪಿದಳು. ದಿನಾ ಸಂಜೆ ಬೇರೆ ಮೂವರನ್ನು ಕಟ್ಟಿಕೊಂಡು ತನ್ನದೇ ತಂಡದ ವಿರುದ್ಧ ಆಡುತ್ತಾಳೆ.

ಮೊನ್ನೆ ಆಟ ಮುಗಿಸಿ ನೀರು ಕುಡಿಯಲು ಬಂದಳು. "ಗೆದ್ದೇನವ್ವಾ?" ಎಂದೆ.

"ದಿನಾ ಗೆಲ್ತೀನಿ. ನಾ ಹೊಡದಷ್ಟು ಅವ್ರು ಗಟ್ಟಿ ಆಗ್ತಾರ."

ಲೋಟ ತೊಳೆದಿಟ್ಟು ಹೋದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಮಾಡಿದ್ದನ್ನು ಉಣ್ಣುತ್ತಾಳೆ. ಶಿವ ನನಗೆ ಅಷ್ಟು ಉಳಿಸಿದ್ದಾನೆ. ಬರುವ ವಾರ ಆ ನಾಲ್ವರು ಹೈದರಾಬಾದಿನಲ್ಲಿ ಪಂದ್ಯ ಆಡುತ್ತಾರೆ.