ಹದಿನೈದು ಅಕ್ಷರದ ಮದುವೆ

ಹೋದ ವಾರ ನಾನು ಒಬ್ಬ ಹುಡುಗಿಯನ್ನು ಅವಳ ತಂದೆಗೇ ಮದುವೆ ಮಾಡಿಸಿಬಿಟ್ಟೆ!

ಗಾಬರಿಯಾಗಬೇಡಿ, ಕಾಗದದ ಮೇಲೆ. ಜೇವರ್ಗಿ ಕಡೆಯ ಊರೊಂದರಲ್ಲಿ ಸಾಮೂಹಿಕ ವಿವಾಹವಿತ್ತು. ಜೋಡಿಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಮಾಡಿಕೊಡುತ್ತೇನೆಂದು ಮುಂದೆ ಬಿದ್ದವನು ನಾನೇ. (ಸಿ ಎಂಬ ಕಂಪ್ಯೂಟರ್ ಭಾಷೆ ಕಲಿತು ಆರು ತಿಂಗಳು. ಹುಮ್ಮಸ್ಸು ಕೇಳಬೇಕೆ?) ಫೈಲಿನಿಂದ ಹೆಸರು ಓದುವ ಪ್ರೋಗ್ರಾಂ ಬರೆದೆ. ಒಂದೊಂದು ಹೆಸರಿಗೆ ಮೆಮೊರಿಯಲ್ಲಿ ಹದಿನೈದು ಇಂಗ್ಲಿಷ್ ಅಕ್ಷರದ ಜಾಗ. ಸಾಲದೇ?

ಎಲ್ಲರೂ ಬರೀ ಹೆಸರು ಬರೆಸಿದರು. ಮಟಕಿ ಊರಿನ ಗುರುಲಿಂಗಪ್ಪನವರು ಮಾತ್ರ ಒಪ್ಪಲಿಲ್ಲ.

"ತಂದಿ ಹೆಸರ ಬಿಟ್ಟು ಮಗಳ ಹೆಸರ ಹ್ಯಾಂಗ ಬರೀತೀರಿ? ಊರಾಗ ಮಹಾದೇವಿ ಅನ್ನಾಕಿ ಒಬ್ಬಾಕೇನ್ರಿ?"

ನಮ್ಮ ಕಡೆಯ ರೂಢಿಯೇ ಅದು. 'ಮಹಾದೇವಿ ತಂದೆ ಗುರುಲಿಂಗಪ್ಪ' ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದೆ. 'ಮಹಾದೇವಿ ತಂದೆ' ಎಂಬಲ್ಲಿಗೆ, ಖಾಲಿ ಜಾಗಗಳೂ ಸೇರಿ, ಹದಿನೈದೂ ಮುಗಿದವು. ಸಿ ಭಾಷೆ ಬೇಡವೆನ್ನುವುದಿಲ್ಲ, ಎಚ್ಚರಿಸುವುದೂ ಇಲ್ಲ. ಉಳಿದ 'ಗುರುಲಿಂಗಪ್ಪ' ಪಕ್ಕದ ಜಾಗಕ್ಕೆ ಹೋಗಿ ಕೂತಿತು. ಅಲ್ಲಿ ಮೊದಲೇ ಇದ್ದದ್ದು ವರ ಬಸವರಾಜನ ಹೆಸರು. ಅದು ಅಳಿಸಿಹೋಯಿತು.

ನಾನು ಓದಿಯೂ ನೋಡದೆ ಪಟ್ಟಿಯನ್ನು ಗೋಡೆಗೆ ಅಂಟಿಸಿ ಚಹಾಕ್ಕೆ ಹೋದೆ. ಸ್ವಲ್ಪ ಹೊತ್ತಿಗೆ ಮಹಾದೇವಿಯೇ ಬಂದಳು, ಸೆರಗಿನಡಿ ಮಡಚಿದ ಕಾಗದ.

"ಸರ್, ವರನ ಜಾಗಾದಾಗ ನಮ್ಮಪ್ಪನ ಹೆಸರ ಬಂದದರಿ. ನಾಳೆ ಮೈಕಿನ್ಯಾಗ ಹಿಂಗೇ ಓದಿದ್ರ ಅಂವ ಹ್ಯಾಂಗ್ ತಲಿ ಎತ್ತಬೇಕ್ರಿ?"

ನಾನು ಚಹಾದ ಲೋಟ ಕೆಳಗಿಟ್ಟೆ. "ಯಾರರೇ ನೋಡಿದ್ರೇನವ್ವ?"

"ಇಲ್ರಿ. ನೋಡಿದ ಕೂಡಲೇ ಕಿತ್ಗೊಂಡ್ ಬಂದೀನಿ. ನಿಮಗೂ ಮಂದ್ಯಾಗ ಅವಮಾನ ಆಗಬಾರ್ದಲ್ರಿ."

ಬೈಯಲಿಲ್ಲ. ರಂಪ ಮಾಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ಕಂಪ್ಯೂಟರೂ ನಾನೂ ಅಂದೇ ಊರು ಬಿಡುತ್ತಿದ್ದೆವು.

ಕೂತು ಪ್ರೋಗ್ರಾಂ ತಿದ್ದಿದೆ. ಈಗ ಅದು ಮೊದಲು ಹೆಸರಿನ ಉದ್ದ ಅಳೆಯುತ್ತದೆ, ಹೆಸರು ಇಲ್ಲಿಗೆ ಮುಗಿಯಿತೆಂದು ತಿಳಿಸುವ ಗುರುತಿಗೆ ಒಂದು ಹೆಚ್ಚಿಗೆ ಸೇರಿಸಿ ಅಷ್ಟೂ ಜಾಗ ಕೇಳಿ ಪಡೆಯುತ್ತದೆ. ಇದು ಪುಸ್ತಕದಲ್ಲೂ ಇತ್ತು, ಓದಿಯೂ ಇದ್ದೆ. ಆದರೆ ಮನುಷ್ಯ ಬಾಯಿ ಬಿಡುವ ಮೊದಲೇ ಅವನಿಗಿಷ್ಟೇ ಜಾಗ ಎಂದು ಗೆರೆ ಎಳೆಯುವ ಚಟ ನಮಗೆ ಎಷ್ಟು ಬೇಗ ಅಂಟುತ್ತದೆ ನೋಡಿ.

ಮರುದಿನ ಮೈಕಿನಲ್ಲಿ ತಂದೆಯ ಹೆಸರು, ವರನ ಹೆಸರು ಎಲ್ಲ ಸರಿಯಾಗಿ ಕೇಳಿಸಿದವು. ಗುರುಲಿಂಗಪ್ಪನವರು ಮೀಸೆ ತಿರುವಿಕೊಂಡರು. ಅವರಿಗೆ ಇವತ್ತಿಗೂ ಏನೂ ಗೊತ್ತಿಲ್ಲ.

ಅಕ್ಷತೆ ಹಾಕಿದವನೇ ಮಹಾದೇವಿಗೆ ಕೈ ಮುಗಿದೆ. ತನ್ನ ಮದುವೆಯ ಗಡಿಬಿಡಿಯಲ್ಲೂ ಅಪರಿಚಿತನೊಬ್ಬನ ಮರ್ಯಾದೆ ಕಾದವಳು ವಯಸ್ಸಿನಲ್ಲಿ ಚಿಕ್ಕವಳಾದರೇನಂತೆ?