ಪೂಜೆಗೆ ಸಿಗದ ಪಾದ

ಮಧ್ಯಾಹ್ನ ಮೊಮ್ಮಗಳು ಬಿದ್ದು ಮಂಡಿ ತರಚಿಕೊಂಡಳು. ಟಿಂಚರ್ ಬಾಟಲಿ ಬಿಚ್ಚಿದೆ, ಆ ವಾಸನೆಗೆ ಹಳೆಯದೆಲ್ಲ ನೆನಪಾಯಿತು. ಗಾಯಕ್ಕೆ ಹಚ್ಚುವ ಔಷಧಿ ಕೈಗೆಟುಕುವ ಹಾಗಿರುವುದೂ ಒಂದು ಭಾಗ್ಯ ಎಂದರೆ ನೀವು ನಗುತ್ತೀರಿ. ಒಂದು ಕಾಲಕ್ಕೆ ನಾನೂ ನಗುತ್ತಿದ್ದೆ.

ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಏಳುತ್ತಿದ್ದ ವರ್ಷಗಳು. ರಸ್ತೆಗೆಂದು ನಮ್ಮ ದ್ರಾಕ್ಷಿ ತೋಟದಲ್ಲಿ ಅಳತೆ ಕಲ್ಲು ನೆಟ್ಟರು. ನಮ್ಮ ಯಜಮಾನರು ಕಿತ್ತೆಸೆದರು. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಕೇಸು ಹಾಕಿ ಜೈಲಿಗೆ ಕಳಿಸಿದರು, ಜಾಮೀನು ಎಳೆದಾಡುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ. ನಾನು ಒಯ್ದ ಮಾತ್ರೆಗಳನ್ನು ಗೇಟಿನಲ್ಲೇ ವಾಪಸ್ ಕೊಟ್ಟರು. "ಒಳಗೆ ಡಾಕ್ಟ್ರವ್ರೆ, ನೋಡ್ಕೋತಾರೆ." ನಂಬಿದೆ. ನಂಬುವುದು ನನಗೆ ಮೊದಲಿನಿಂದಲೂ ಸಲೀಸು.

ಭೀಮನ ಅಮಾವಾಸ್ಯೆ ಬಂತು. ಗಂಡನ ಪಾದ ತೊಳೆದು ಪೂಜಿಸುವ ದಿನ, ಮದುವೆಯಾದಾಗಿನಿಂದ ತಪ್ಪಿಸಿರಲಿಲ್ಲ. ಅರಿಶಿನ, ಕುಂಕುಮ, ಹೂವು ಕಟ್ಟಿಕೊಂಡು ಜೈಲಿಗೇ ಹೋದೆ. ನನ್ನ ಬುದ್ಧಿಗೆ ಏನು ಹೇಳೋಣ. ಗೇಟಿನ ಪೇದೆಯಮ್ಮ ಪೊಟ್ಟಣ ಬಿಚ್ಚಿ, "ಏನಮ್ಮ, ಒಳಗೆ ಗುಡಿ ಕಟ್ಸಿದೀವಿ ಅಂದ್ಕೊಂಡ್ಯಾ?" ಎಂದು ನಕ್ಕಳು. ಆದರೂ ಚಿಟಿಕೆ ಕುಂಕುಮ ಒಳಗೆ ಒಯ್ಯಲು ಬಿಟ್ಟಳು. ಆ ಪುಣ್ಯ ಅವಳಿಗೆ ಸೇರಲಿ.

ಜಾಲರಿಯ ಆಚೆ ಯಜಮಾನರು ನಿಂತಿದ್ದರು. "ರೀ, ಪಾದ ಒಸಿ ಮೇಲೆತ್ತಿ, ಇಲ್ಲಿಂದ್ಲೇ ಕುಂಕುಮ ಹಾಕ್ತೀನಿ," ಎಂದೆ.

"ಬ್ಯಾಡ ಬಿಡೇ, ಜನ ನೋಡ್ತಾರೆ."

"ನೋಡ್ಲಿ. ವರ್ಷಕ್ಕೊಂದ್ಸಲ."

"ಬ್ಯಾಡ ಅಂದ್ನಲ್ಲ."

ಪಕ್ಕದಲ್ಲಿದ್ದ ಇನ್ನೊಬ್ಬ ಕೈದಿ ತಡೆಯಲಾರದೆ ಹೇಳಿದ: "ಎತ್ತಕ್ಕಾಗಲ್ಲ ಕಣಕ್ಕ. ಕಾಲ್ಬೆರಳಿನ ಗಾಯ ಕೊಳ್ತು ಕಪ್ಪಾಗೈತೆ, ನಾತ ಹೊಡೀತದೆ. ತಲೆನೋವ್ಗೆ ಕೊಡೋ ಮಾತ್ರೇನೇ ಇದಕ್ಕೂ ಕೊಡ್ತಾವ್ರೆ."

ಯಜಮಾನರು ತಲೆ ಎತ್ತಲಿಲ್ಲ. ಕುಂಕುಮ ನನ್ನ ಬೆರಳಿನಲ್ಲೇ ಉಳಿಯಿತು.

ಜೈಲಿನ ಕಚೇರಿಗೆ ಅಲೆದೆ. ಒಳಗಿನ ಡಾಕ್ಟರು ಕೊನೆಗೆ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಆದರೆ ಕೈದಿಯನ್ನು ಕರೆದೊಯ್ಯಲು ಪೊಲೀಸ್ ಕಾವಲು ಬೇಕಂತೆ. ಹೋದಾಗಲೆಲ್ಲ ಗುಮಾಸ್ತರದು ಒಂದೇ ಮಾತು: "ಪೊಲೀಸ್ನೋರೆಲ್ಲ ಏರ್‌ಪೋರ್ಟ್ ಬಂದೋಬಸ್ತಿಗೆ ಹೋಗವ್ರೆ ಕಣಮ್ಮ. ಮಂತ್ರಿಗಳು ಬರ್ತಾವ್ರೆ. ಮುಂದಿನ್ವಾರ ಬಾ."

"ಸ್ವಾಮಿ, ನಿಂತ್ಕೊಳಕ್ಕಾಗ್ದೋರು ಎಲ್ಲಿಗೆ ಓಡೋಗ್ತಾರೆ? ಬೇಕಾದ್ರೆ ಕಾವಲಿಗೆ ನಾನೇ ಬರ್ತೀನಿ."

"ರೂಲ್ಸು ಹಂಗಿಲ್ಲ," ಎಂದು ಟೀ ಕುಡಿದರು.

ನಮ್ಮ ತೋಟದ ಮಣ್ಣು ನೋಡಲು ಬರುವವರಿಗೆ ಕಾವಲಿತ್ತು. ಆ ಮಣ್ಣು ಉತ್ತ ಕಾಲಿಗೆ ಇರಲಿಲ್ಲ.

ಕಾವಲು ಸಿಗುವ ಹೊತ್ತಿಗೆ ಕೊಳೆತ ಮೇಲೇರಿತ್ತು; ಪಾದವನ್ನೇ ತೆಗೆದರು. ಜೀವ ಉಳಿಯಿತು, ಮಂಡಿ ಉಳಿಯಿತು, ಇಷ್ಟಾದರೂ ಬಿಟ್ಟನಲ್ಲ ಭಗವಂತ ಎಂದುಕೊಂಡೆ. ವಾರ್ಡಿಗೆ ಹೋಗಿ ನೋಡಿದರೆ, ಉಳಿದ ಇನ್ನೊಂದು ಕಾಲನ್ನು ಸರಪಳಿ ಹಾಕಿ ಮಂಚಕ್ಕೆ ಬಿಗಿದಿದ್ದರು. ಆಮೇಲೆ ಸಾಕ್ಷಿಯಿಲ್ಲವೆಂದು ಕೇಸೇ ಬಿದ್ದುಹೋಯಿತು.

ಇವತ್ತು ಸಂಜೆ ದೇವರ ಮುಂದೆ ದೀಪ ಹಚ್ಚಿದೆ. ದಿನವೂ "ಎಲ್ರಿಗೂ ಒಳ್ಳೇದು ಮಾಡಪ್ಪ" ಎಂದೇ ಮುಗಿಸುವುದು. ಈ ಸಲ "ಎಲ್ರಿಗೂ" ಎನ್ನಲು ನಾಲಿಗೆ ಏಳಲಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಬೇಡಿಕೊಂಡೆ. ಆ ಗುಮಾಸ್ತರ ಹೆಸರೂ ನನಗೆ ಗೊತ್ತು. ಅದೊಂದನ್ನು ಹೇಳಲಿಲ್ಲ.